ತುಟಿಯಲ್ಲೇ ಹೇಳಿದ ಸೋಬಾನೆ

ಮೊನ್ನೆ ಹಳೆಯ ವ್ಯಾನಿಟಿ ಬ್ಯಾಗನ್ನು ಒಗೆಯೋಣವೆಂದು ತಲೆಕೆಳಗು ಮಾಡಿ ಕೊಡವಿದೆ. ಎರಡು ಏಲಕ್ಕಿ, ಒಂದು ಪಿನ್ನು, ಖಾಲಿ ಮಾತ್ರೆ ಹಾಳೆ, ಜೊತೆಗೊಂದು ಬಸ್ ಟಿಕೇಟು ಬಿತ್ತು. ಯಳಂದೂರಿನಿಂದ ಕೊಳ್ಳೇಗಾಲಕ್ಕೆ. ಬ್ಯಾಗಿನಲ್ಲಿ ಬಸ್ ಟಿಕೇಟು ಇರುವುದರಲ್ಲಿ ಏನು ವಿಶೇಷ ಅಂತೀರಾ? ವಿಶೇಷವಿದೆ. ಅದು ಕಾಸು ಕೊಟ್ಟು ತೆಗೆದುಕೊಂಡ ಟಿಕೇಟು. ಹೆಂಗಸರಿಗೆ ಕೆಂಪು ಬಸ್ಸು ಫ್ರೀ ಆದ ಮೇಲೂ ಕಾಸು ಕೊಟ್ಟು ಅದರಲ್ಲಿ ನಿಂತುಕೊಂಡು ಬಂದ ಹೆಂಗಸು ನಮ್ಮ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ನಡೆದದ್ದು ಇಷ್ಟೆ. ಆವತ್ತು ಬಸ್ಸಿನಲ್ಲಿ ಕಾಲೂರಲು ಜಾಗವಿರಲಿಲ್ಲ. ತೆಂಗಿನಕಾಯಿ ಮೂಟೆ ಹೊತ್ತ ಒಬ್ಬ ಎತ್ತರದ ಆಸಾಮಿಯ ಬೆನ್ನ ಹಿಂದೆ ನಾನು ಸಿಕ್ಕಿಕೊಂಡಿದ್ದೆ. ಕಂಡಕ್ಟರಿಗೆ ನನ್ನ ಮುಖ ಕಾಣುತ್ತಿರಲಿಲ್ಲ. "ಆ ಕಡೆ ಯಾರ್ರೀ ಟಿಕೇಟು?" ಎಂದರು. "ಕೊಳ್ಳೇಗಾಲ ಒಂದು" ಎಂದೆ. ಮಿಷನ್ನು ಕಿರ್ರೆಂದಿತು. "ತಗಳಿ ಸಾ, ಚಿಲ್ರೆ ಕೊಟ್ಬುಡಿ" ಎಂದು ಮೂಟೆಯ ಸಂದಿಯಿಂದ ಒಂದು ಕೈ ಬಂತು. ನಾನು ಹೆಂಗಸು ಕಣಪ್ಪ, ತಗೋ ಆಧಾರ್ ಕಾರ್ಡು ಎನ್ನಬಹುದಿತ್ತು. ಹಾಗೆನ್ನಲು ಮತ್ತೆ ಬಾಯಿ ತೆರೆಯಬೇಕಲ್ಲ, ತೆರೆದರೆ ಸುತ್ತಲಿನವರೆಲ್ಲ ಕತ್ತು ತಿರುಗಿಸಿ ಹುಡುಕುತ್ತಾರಲ್ಲ. ಸುಮ್ಮನೆ ಚಿಲ್ಲರೆಯನ್ನು ಆ ಕೈಯಲ್ಲಿಟ್ಟೆ.

ಈಗ ಹೇಳಿಬಿಡುತ್ತೇನೆ. ನನ್ನದು ಗಂಡು ದನಿ. ನೆಗಡಿಯಾದಾಗ ಮಾತ್ರ ಹಾಗಲ್ಲ, ಸದಾ ಕಾಲವೂ ಹಾಗೇ. ನನ್ನ ಅಪ್ಪನದೂ ಅದೇ ದನಿ. ಹೊನ್ನೂರಿನ ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಅಪ್ಪ ಒಂದು ಕೂಗು ಹಾಕಿದರೆ ನಾಲೆಯಾಚೆ ಕಬ್ಬಿಗೆ ನೀರು ಕಟ್ಟುತ್ತಿದ್ದವನು ಗುದ್ದಲಿ ಇಳಿಸಿ ನೋಡುತ್ತಿದ್ದ. ಊರವರು ಅದನ್ನು ಕಂಚಿನ ಗಂಟಲು ಎಂದು ಹೊಗಳುತ್ತಿದ್ದರು. ಅದೇ ಗಂಟಲು ಲಂಗ ತೊಟ್ಟು ಎರಡು ಜಡೆ ಹಾಕಿಕೊಂಡು ಓಡಾಡತೊಡಗಿದ ಮೇಲೆ ಗೊಗ್ಗರು ದನಿಯಾಯಿತು.

ಅವ್ವ ಸುಮ್ಮನೆ ಕೂರುವವಳಲ್ಲ. ಬೆಳಿಗ್ಗೆ ಎದ್ದ ತಕ್ಷಣ ಬಜೆಯನ್ನು ಜೇನುತುಪ್ಪದಲ್ಲಿ ತೇದು ನಾಲಗೆಗೆ ತಿಕ್ಕುತ್ತಿದ್ದಳು. ಅತಿಮಧುರದ ಬೇರು, ಮೆಣಸಿನ ಕಷಾಯ ಎಲ್ಲವೂ ಆದವು. ಒಮ್ಮೆ ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದವನನ್ನು ನಿಲ್ಲಿಸಿ ಒಂದು ಒಳಲೆಯಷ್ಟು ಕತ್ತೆಹಾಲು ಕರೆಸಿ ನನಗೆ ಕುಡಿಸಿದಳು. ಅದನ್ನು ಕುಡಿದರೆ ದನಿ ಸಣ್ಣಗಾಗುತ್ತದೆಂದು ಯಾರೋ ಹೇಳಿದ್ದರಂತೆ. ಕತ್ತೆಯ ದನಿ ಎಂಥದ್ದೆಂದು ಅವ್ವ ಒಂದು ಗಳಿಗೆಯಾದರೂ ಯೋಚಿಸಬಾರದೆ? ಅಣ್ಣ ಅದನ್ನೇ ಕೇಳಿ ಬೆನ್ನಿಗೆ ಗುದ್ದಿಸಿಕೊಂಡ.

ಶಾಲೆಯಲ್ಲಿ ಹಾಜರಿ ಕೂಗುವಾಗ ನಾನು "ಬಂದಿದೀನಿ ಸಾ" ಎಂದರೆ ಹೊಸದಾಗಿ ಬಂದ ಮೇಷ್ಟರು ಗಂಡುಹುಡುಗರ ಬೆಂಚಿನ ಕಡೆ ನೋಡುತ್ತಿದ್ದರು. ಹುಡುಗರು ನನಗೆ ಗೊಗ್ಗಯ್ಯ ಎಂದು ಹೆಸರಿಟ್ಟರು. ನಮ್ಮ ಕಡೆ ಮಕ್ಕಳು ಉಣ್ಣದಿದ್ದರೆ ಗೊಗ್ಗಯ್ಯ ಬರುತ್ತಾನೆ ಎಂದು ಹೆದರಿಸುತ್ತಾರಲ್ಲ, ಅವನೇ. ಪಕ್ಕದ ಮನೆಯ ಮಗುವಿನ ತಾಯಿ ಊಟದ ಹೊತ್ತಿಗೆ ನನ್ನನ್ನು ಕರೆದು, "ಬಾಮ್ಮಿ, ಒಂದ್ಸಲ ಬಾಗ್ಲತ್ರ ನಿಂತ್ಕಂಡು ಮಾತಾಡು" ಎಂದಿದ್ದೂ ಉಂಟು. ಮಗು ಗಬಗಬ ಉಂಡಿತು. ನನಗೆ ಒಂದು ಬೆಲ್ಲದ ಚೂರು ಸಿಕ್ಕಿತು. ನಾನು ಅದನ್ನು ತಿಂದುಕೊಂಡು ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತೆ.

ನಾನು ಬಾಯಿ ತುಂಬ ದನಿ ಬಿಟ್ಟದ್ದು ಒಂದೇ ಕಡೆ, ಮಾದಪ್ಪನ ಬೆಟ್ಟದಲ್ಲಿ. ವರ್ಷಕ್ಕೊಮ್ಮೆ ಮನೆಯವರೆಲ್ಲ ಹೋಗುತ್ತಿದ್ದೆವು. ಸಾಲಿನಲ್ಲಿ ಯಾರೋ ಒಬ್ಬರು ಉಘೇ ಎಂದರೆ ಹಿಂದೆ ಮುಂದೆ ಇದ್ದವರೆಲ್ಲ ಉಘೇ ಉಘೇ ಎಂದು ಕೂಗುತ್ತಿದ್ದರು. ನಾನೂ ಹೊಟ್ಟೆಯೊಳಗಿಂದ ಕೂಗುತ್ತಿದ್ದೆ. ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. ದೇವರು ವರ ಕೊಡುತ್ತಾನೋ ಇಲ್ಲವೋ, ಅಷ್ಟು ಹೊತ್ತು ಬಿಡುವಂತೂ ಕೊಡುತ್ತಿದ್ದ. ಅವ್ವ ಮಾತ್ರ ಪಕ್ಕದಲ್ಲೇ ಕಣ್ಣು ಮುಚ್ಚಿಕೊಂಡು ನನ್ನ ದನಿ ಸಣ್ಣಗಾಗಲಿ ಎಂದು ಹರಕೆ ಹೊರುತ್ತಿದ್ದಳು.

ಇನ್ನು ಆ ಮದುವೆಯ ವಿಷಯ. ನನಗೆ ಹನ್ನೆರಡು ವರ್ಷ. ಅಪ್ಪನ ತಂಗಿಯ ಮದುವೆ. ಮನೆ ಮುಂದೆ ಚಪ್ಪರ ಹಾಕಿತ್ತು. ಅಪ್ಪನ ಅಣ್ಣನ ಹೆಂಡತಿ, ನಮ್ಮ ದೊಡ್ಡವ್ವ, ಊರಿಗೇ ಸೋಬಾನೆ ಹೇಳುವವಳು. ಎಣ್ಣೆ ಶಾಸ್ತ್ರಕ್ಕೊಂದು, ಅರಿಸಿನಕ್ಕೊಂದು, ಹೆಣ್ಣನ್ನು ಹಸೆಗೆ ಕರೆಯಲೊಂದು, ಬೀಗರನ್ನು ಹಂಗಿಸಲೊಂದು ಎಂದು ಅವಳ ಬಾಯಲ್ಲಿ ಪದಗಳು ಮುಗಿಯುತ್ತಿರಲಿಲ್ಲ. ಅವಳು ಒಂದು ಸಾಲು ಎತ್ತಿದರೆ ಹಿಂದೆ ಕೂತ ಹೆಂಗಸರು ಅದನ್ನೇ ತಿರುಗಿ ಹೇಳಬೇಕು. ಅವಳ ದನಿಯೋ, ಗುಬ್ಬಚ್ಚಿ ದನಿ. ಸಣ್ಣಗೆ ಮೇಲೆ ಹೋಗಿ ಚಪ್ಪರದ ಗರಿಗೆ ತಾಗುತ್ತಿತ್ತು. ನನಗೆ ಆ ಪದಗಳೆಂದರೆ ಪ್ರಾಣ. ಅವಳ ಬೆನ್ನ ಹಿಂದೆಯೇ ಕೂತು, ಎಲ್ಲರ ಜೊತೆ ನಾನೂ ಹೇಳತೊಡಗಿದೆ. ಎರಡನೆಯ ಸಾಲಿಗೆ ಗಂಡಿನ ಕಡೆಯ ಹೆಂಗಸೊಬ್ಬಳು, "ಯಾವನವ್ವ ಅವ್ನು, ಎಂಗಸ್ರ ಮದ್ಯ ಬಂದು ಕುಂತವ್ನೆ?" ಎಂದಳು. ಚಪ್ಪರವೆಲ್ಲ ನಕ್ಕಿತು. ದೊಡ್ಡವ್ವ ತಿರುಗಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ದವಡೆಗೆ ಸರಿಸಿ, "ಅಮ್ಮಿ, ನೀನು ಬಾಯಾಡ್ಸು ಸಾಕು, ದನಿ ಬುಡ್ಬೇಡ" ಎಂದಳು.

ಆಯಿತಲ್ಲ. ಆವತ್ತಿನಿಂದ ನಾನು ಬಾಯಿ ಆಡಿಸಿದೆ. ಒಂದಲ್ಲ ಎರಡಲ್ಲ, ಮೂವತ್ತೆಂಟು ವರ್ಷ. ನಮ್ಮ ನಂಟರಿಷ್ಟರ ಮದುವೆಗಳಲ್ಲಿ ದೊಡ್ಡವ್ವನ ಪಕ್ಕವೇ ನನ್ನ ಜಾಗ. ಶಬ್ದ ಬಾರದಂತೆ ತುಟಿ ಆಡಿಸುವುದೂ ಒಂದು ವಿದ್ಯೆ, ಅದಕ್ಕೆ ಸಾಲು ಸರಿಯಾಗಿ ಗೊತ್ತಿರಬೇಕು. ಜೋರಾಗಿ ಹೇಳುವವರು ಮರೆತ ಕಡೆ ಊಂ ಎಂದು ಎಳೆದು ತೇಲಿಸಬಹುದು, ತುಟಿ ಆಡಿಸುವವಳಿಗೆ ಆ ಸವಲತ್ತಿಲ್ಲ. ಹಾಗಾಗಿ ಒಂದಕ್ಷರ ಬಿಡದೆ ಕಲಿತೆ. ಒಂದು ಮದುವೆಯಲ್ಲಿ ಬೀಗಿತ್ತಿಯೊಬ್ಬಳು ಬಂದು ನನ್ನ ಗಲ್ಲ ಹಿಡಿದು, "ಎಲ್ಲಾರ್ಗಿಂತ ನೀನೇ ಚೆಂದಾಗಿ ಯೋಳ್ದೆ ಕನವ್ವ" ಎಂದಳು. ಆ ದಿನ ನನ್ನ ಗಂಟಲಿನಿಂದ ಒಂದು ಉಸಿರೂ ಹೊರಬಂದಿರಲಿಲ್ಲ. ನಾನು ನಾಚಿಕೊಂಡು ತಲೆ ತಗ್ಗಿಸಿದೆ.

ವಯಸ್ಸಾದಂತೆ ದೊಡ್ಡವ್ವನಿಗೆ ಸಾಲುಗಳು ಮರೆಯತೊಡಗಿದವು. ಮರೆತಾಗ ಅವಳು ಪಕ್ಕಕ್ಕೆ ತಿರುಗಿ ನನ್ನ ತುಟಿ ನೋಡುತ್ತಿದ್ದಳು, ನೋಡಿ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದಳು. ಅದು ಅವಳಿಗೂ ಅರಿವಿಲ್ಲದೆ ಬಂದ ಅಭ್ಯಾಸ. ಎಷ್ಟೋ ವರ್ಷ ನಮ್ಮ ಮನೆಯ ಸೋಬಾನೆ ನಡೆದದ್ದು ಹೀಗೆ, ಪದ ನನ್ನದು, ದನಿ ಅವಳದು.

ನನ್ನ ಮದುವೆಯೂ ಬಾಯಿ ಮುಚ್ಚಿಕೊಂಡೇ ನಡೆಯಿತು ಅನ್ನಿ. ಹೆಣ್ಣು ನೋಡಲು ಕೊಳ್ಳೇಗಾಲದಿಂದ ಬಂದವರು ಏನು ಕೇಳಿದರೂ ಅವ್ವನೇ ಉತ್ತರ ಕೊಟ್ಟಳು. ಹೆಸರು ಕೇಳಿದರೂ ಅವ್ವ, ಓದು ಕೇಳಿದರೂ ಅವ್ವ. ಹುಡುಗಿ ತುಂಬ ನಾಚಿಕೆಯವಳು ಎಂದು ಅವರು ಮೆಚ್ಚಿಕೊಂಡು ಹೋದರು. ಮದುವೆಯಾದ ಮೇಲೆ ಎಂಟು ದಿನ ನಾನು ಗಂಡನ ಹತ್ತಿರ ಪಿಸುಮಾತಿನಲ್ಲೇ ಮಾತಾಡಿದೆ. ಒಂಬತ್ತನೆಯ ದಿನ ಅವರು ರೇಷ್ಮೆ ಗೂಡಿನ ಮಾರ್ಕೆಟ್ಟಿನಿಂದ ಕೆಲಸ ಮುಗಿಸಿ ಬರುವಾಗ ಗಂಟಲಿನ ಮಾತ್ರೆ ತಂದು, "ಗಂಟ್ಲು ಇನ್ನೂ ಸರ್ಯಾಗ್ಲಿಲ್ವಲ್ಲ, ಡಾಕ್ಟರ್ ಅತ್ರ ಓಗಾಣ್ವಾ?" ಎಂದರು. ನನಗೆ ತಡೆಯಲಾಗಲಿಲ್ಲ. "ನಂದು ಇರೋದೇ ಇಂಗೆ" ಎಂದು ಇದ್ದ ದನಿಯಲ್ಲೇ ಹೇಳಿಬಿಟ್ಟೆ. ಅವರು ಒಂದು ಗಳಿಗೆ ನೋಡಿ, "ಇಷ್ಟೇಯಾ? ನಾನು ಏನೋ ಕಾಯ್ಲೆ ಅನ್ಕಂಡಿದ್ದೆ" ಎಂದು ಮಾತ್ರೆಯನ್ನು ತಾವೇ ಬಾಯಿಗೆ ಹಾಕಿಕೊಂಡರು. ಅವರದು ಸಣ್ಣ ದನಿ. ಇವತ್ತಿಗೂ ಫೋನಿನಲ್ಲಿ ಅವರಿಗೆ "ಯಜಮಾನ್ರಿಗೆ ಕೊಡಮ್ಮ" ಎನ್ನುವವರಿದ್ದಾರೆ. ಅವರು ನಗುತ್ತಾ ಫೋನನ್ನು ನನಗೆ ಕೊಡುತ್ತಾರೆ. ಅದೇ ಮಾತಿಗೆ ಅವರು ನಗುವುದೂ ನಾನು ಕುಗ್ಗುವುದೂ ಏಕೆಂದು ಎಷ್ಟೋ ಸಲ ಯೋಚಿಸಿದ್ದೇನೆ, ಅವರಂತೆ ನಗಲು ಮಾತ್ರ ಬರಲಿಲ್ಲ.

ಕೆಲಸವನ್ನೂ ನೋಡಿಕೊಂಡು ಹಿಡಿದೆ. ಹನೂರಿನಲ್ಲಿ ಒಂದು ಪುಟ್ಟ ಗ್ರಂಥಾಲಯ. ಮಾತಾಡಬೇಡಿ ಎಂದು ಗೋಡೆಯ ಮೇಲೆಯೇ ಬರೆದಿರುತ್ತದೆ. ಲೋಕದಲ್ಲಿ ಇದಕ್ಕಿಂತ ಸುಖದ ನೌಕರಿ ಇದೆಯೇ? ಪೇಪರು ಓದಲು ಬರುವ ಮುದುಕರೊಬ್ಬರು ನನ್ನನ್ನು ಬಲು ಗಂಭೀರ ಹೆಂಗಸು ಎಂದು ಹೊರಗೆ ಹೊಗಳುತ್ತಾರಂತೆ.

ಹೀಗೆ ಎಲ್ಲವೂ ಹದಕ್ಕೆ ಬಂದು ಕೂತಿದ್ದಾಗ ಅಣ್ಣನ ಮಗಳು ಸಹನಳ ಮದುವೆ ಗೊತ್ತಾಯಿತು. ಗಂಡು ಹನೂರಿನ ಕಡೆಯವನು. ಮುಹೂರ್ತ ಕೊಳ್ಳೇಗಾಲದ ಛತ್ರದಲ್ಲಿ, ಚಪ್ಪರದ ಶಾಸ್ತ್ರ ಮಾತ್ರ ಹೊನ್ನೂರಿನ ಮನೆಯಲ್ಲಿ. ದೊಡ್ಡವ್ವನಿಗೆ ಹೋದ ಚಳಿಗಾಲದಲ್ಲಿ ಕೆಮ್ಮು ಹಿಡಿದಿತ್ತು, ಅದು ಹೋಗುವಾಗ ಅವಳ ದನಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಈಗ ಅವಳು ಮಾತಾಡಿದರೆ ಹತ್ತಿರ ಬಗ್ಗಿ ಕೇಳಬೇಕು. ಅಣ್ಣ, "ಸ್ಪೀಕರ್ ತರುಸ್ತೀನಿ, ಸೋಬಾನೆ ಎಲ್ಲಾ ಅದ್ರಲ್ಲೇ ಬತ್ತದೆ" ಎಂದ. ಸಹನ ಮುಖ ಊದಿಸಿಕೊಂಡಳು. ಆಮೇಲೆ ನನಗೆ ಫೋನು ಮಾಡಿ, "ಅತ್ತೆ, ನಿಮ್ಗೆ ಎಲ್ಲಾ ಪದಾನೂ ಬತ್ತದಲ್ಲ, ಚಿಕ್ಕೋಳಿಂದ ನೋಡಿದೀನಿ. ನೀವೇ ಹೇಳಿ. ನಂಗೆ ಮಿಷನ್ನಿನ ಪದ ಬೇಡ" ಎಂದಳು.

ಆ ಹುಡುಗಿಗೆ ನನ್ನ ತುಟಿ ಗೊತ್ತಿತ್ತು, ಸೋಬಾನೆಯಲ್ಲಿ ನನ್ನ ದನಿ ಗೊತ್ತಿರಲಿಲ್ಲ. ಗಂಡಿನ ಕಡೆಯವರ ಮುಂದೆ, ಅದೇ ಚಪ್ಪರದಲ್ಲಿ, ನಾನು ಬಾಯಿ ಬಿಟ್ಟರೆ ಅವರು ನಗುವುದು ನನ್ನನ್ನು ನೋಡಿ ಮಾತ್ರವಲ್ಲ, ಹಸೆಯ ಮೇಲೆ ಕೂತ ಅವಳನ್ನೂ ನೋಡಿ. ಇಷ್ಟು ವಯಸ್ಸಾದ ಮೇಲೂ ನನಗೆ ಇದೊಂದು ಭಯ ಹೋಗಿರಲಿಲ್ಲ. ಬುದ್ಧಿವಂತಿಕೆ ಮಾಡಿದೆ. ಹೊಸ ನೋಟ್ ಪುಸ್ತಕ ತಂದು ಎಲ್ಲ ಪದಗಳನ್ನೂ ದುಂಡಗೆ ಬರೆದು, ಮನೆಯ ಹುಡುಗಿಯರಿಗೆ ಕೊಟ್ಟು, "ನೋಡ್ಕಂಡು ನೀವೇ ಯೋಳಿ, ನಾನು ಪಕ್ಕದಲ್ಲಿರ್ತೀನಿ" ಎಂದೆ. ಅವರು ಪುಟಗಳ ಫೋಟೋ ಹೊಡೆದುಕೊಂಡು ಫೋನಿನಲ್ಲಿಟ್ಟುಕೊಂಡರು.

ಚಪ್ಪರದ ದಿನ ಸಾಯಂಕಾಲ ಸಹನಳನ್ನು ಹಸೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆ ಇಟ್ಟರು. ಗಂಡಿನ ಕಡೆಯಿಂದ ಸೀರೆ, ಹೂವು ತಂದಿದ್ದ ಹೆಂಗಸರು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ದೊಡ್ಡವ್ವನಿಗೆ ಕಂಬದ ಪಕ್ಕ ಪ್ಲಾಸ್ಟಿಕ್ ಕುರ್ಚಿ. ಹುಡುಗಿಯರು ಫೋನು ಹಿಡಿದು ಶುರುಮಾಡಿದರು. ನಾನು ಎಂಥ ಪೆದ್ದಿ ನೋಡಿ, ಅಷ್ಟೆಲ್ಲ ಬರೆದವಳು ಒಂದು ಮಾತು ಮರೆತಿದ್ದೆ. ಪುಸ್ತಕದಲ್ಲಿ ರಾಗ ಬರುವುದಿಲ್ಲ. ಅವರಿಗೆ ಅಕ್ಷರ ಇತ್ತು, ಎಳೆಯುವುದು ಎಲ್ಲಿ, ನಿಲ್ಲಿಸುವುದು ಎಲ್ಲಿ ಗೊತ್ತಿರಲಿಲ್ಲ. ಮೊದಲ ಸಾಲು ಸ್ಕೂಲಿನ ಪ್ರಾರ್ಥನೆಯ ಹಾಗೆ ಆಯಿತು. ಎರಡನೆಯ ಸಾಲಿಗೆ ಒಬ್ಬಳು ಮುಂದೆ ಹೋದಳು, ಒಬ್ಬಳು ಹಿಂದೆ ಉಳಿದಳು. ಮೂರನೆಯದಕ್ಕೆ ಎಲ್ಲರೂ ನಿಂತು ಕಿಸಿಕಿಸಿ ನಗತೊಡಗಿದರು. ಬೀಗಿತ್ತಿಯರೂ ಸೆರಗು ಬಾಯಿಗಿಟ್ಟುಕೊಂಡರು. ಅಣ್ಣ ಸ್ಪೀಕರಿನ ವಯರು ಹುಡುಕುತ್ತಾ ಎದ್ದ.

ಸಹನ ಎಣ್ಣೆ ಇಳಿಯುತ್ತಿದ್ದ ಮುಖವೆತ್ತಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ಎಣ್ಣೆಯದಲ್ಲ. ನನ್ನ ತುಟಿಗಳು ಆಗಲೇ ನಾಲ್ಕನೆಯ ಸಾಲಿನಲ್ಲಿದ್ದವು, ಅಭ್ಯಾಸ ನೋಡಿ. ಅವಳು ಅದನ್ನೇ ನೋಡುತ್ತಿದ್ದಳು. ಅವಳ ಮದುವೆಗೂ ನಾನು ತುಟಿ ಮಾತ್ರ ಕೊಟ್ಟು ಊಟ ಮಾಡಿಕೊಂಡು ಹೋಗುತ್ತೇನಾ ಎಂದು ನನ್ನ ಮೇಲೆಯೇ ನನಗೆ ಅಸಹ್ಯವಾಯಿತು. ಕಣ್ಣು ಮುಚ್ಚಿಕೊಂಡು ದನಿ ಬಿಟ್ಟೆ.

ಚೆನ್ನಾಗಿತ್ತು ಎಂದು ಹೇಳಲಾರೆ. ಮೊದಲ ಸಾಲು ನಡುಗಿತು, ಎರಡನೆಯದರಲ್ಲಿ ಉಸಿರು ಸಾಲಲಿಲ್ಲ. ಹೊರಗೆ ಅಡುಗೆಯವನು ಒಳಗೆ ಇಣುಕಿ ನೋಡಿ ಹೋದ. ಗಂಡಿನ ಕಡೆಯ ಯಾರೋ ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದದ್ದೂ, ಇಬ್ಬರೂ ನಕ್ಕದ್ದೂ ನನಗೆ ಗೊತ್ತಾಯಿತು. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ಎದುರಿಗೇ ಆಗುತ್ತಿತ್ತು, ಆದರೂ ಪದ ನಿಲ್ಲಲಿಲ್ಲ. ತಿರುಗಿ ಹೇಳಬೇಕಾದವರು ರೂಢಿಯಂತೆ ಮೇಲಿನ ದನಿಯಲ್ಲಿ ಎತ್ತಿಕೊಂಡು, ನನ್ನ ಜೊತೆ ಕೂಡದೆ ತಡವರಿಸಿದರು. ಆಗ ನಮ್ಮ ಬೀದಿಯ ಮಾದಮ್ಮಣ್ಣಿ ಗದರಿದಳು, "ತಗ್ಸಿ ಯೋಳ್ರಮ್ಮಿ, ಅವ್ಳು ಎಲ್ಲವ್ಳೋ ಅಲ್ಗೇ ಬನ್ನಿ." ಒಬ್ಬೊಬ್ಬರೇ ಕೆಳಗಿಳಿದು ಬಂದರು. ನಾಲ್ಕನೆಯ ಪದದ ಹೊತ್ತಿಗೆ ಬೀಗಿತ್ತಿಯರೂ ಸೇರಿಕೊಂಡಿದ್ದರು. ಬೀಗರನ್ನು ಹಂಗಿಸುವ ಪದವನ್ನು ನಾನು ಹೇಳಿದಾಗ, ಮೊದಲು ನಕ್ಕವಳಿಗೇ ಎರಡು ಸಾಲು ಹೆಚ್ಚಿಗೆ ಹಾಕಿದೆ. ಅಷ್ಟು ಸೇಡಿಗೆ ನನಗೂ ಹಕ್ಕಿಲ್ಲವೆ?

ಕೊನೆಗೆ ಹೆಣ್ಣೊಪ್ಪಿಸುವ ಪದ. ಅದನ್ನು ಹೇಳುವುದು ಮುಹೂರ್ತವಾದ ಮೇಲೆ, ಆದರೆ ಛತ್ರದಲ್ಲಿ ಸ್ಪೀಕರಿನದೇ ಗದ್ದಲವೆಂದು ಸಹನ ಅದನ್ನೂ ಆವತ್ತೇ ಹೇಳಿಸಿಕೊಂಡಳು. ನಮ್ಮ ಮಗಳಿಗೆ ಕೆಲಸ ನಿಧಾನ, ಕೋಪ ಬೇಗ, ನೀವು ತಾಳಿಕೊಳ್ಳಿ ಎಂದು ಬೀಗರನ್ನು ಕೇಳಿಕೊಳ್ಳುವ ಪದ ಅದು. ಯಾವ ಹುಡುಗಿಯನ್ನೂ ಅವಳಿರುವ ಹಾಗೆಯೇ ಇಟ್ಟುಕೊಳ್ಳಿ ಎಂದು ಕೇಳುವುದೇ ಅದರ ಅರ್ಥವೆಂದು ಅಷ್ಟು ವರ್ಷ ತುಟಿಯಲ್ಲಿ ಆಡಿಸಿದರೂ ನನಗೆ ಹೊಳೆದಿರಲಿಲ್ಲ. ಹೇಳುತ್ತಾ ಹೇಳುತ್ತಾ ನಾನೇ ಅತ್ತುಬಿಟ್ಟೆ. ನೋಡಿದವರು, ಸೋದರತ್ತೆಗೆ ಹುಡುಗಿಯ ಮೇಲೆ ಎಷ್ಟು ಪ್ರೀತಿ ಎಂದುಕೊಂಡರು. ಅದೂ ಸುಳ್ಳಲ್ಲ.

ಊಟವಾದ ಮೇಲೆ ದೊಡ್ಡವ್ವ ನಡುಮನೆಯ ಮಂಚದ ಮೇಲೆ ಒರಗಿಕೊಂಡಿದ್ದಳು. ಪಕ್ಕದಲ್ಲಿ ಹೋಗಿ ಕೂತೆ. ಕೇಳಬೇಕೆಂದು ಎಷ್ಟೋ ವರ್ಷದಿಂದ ಮನಸ್ಸಿನಲ್ಲೇ ಉರು ಹೊಡೆದಿದ್ದ ಮಾತು. "ದೊಡ್ಡವ್ವ, ಅತ್ತೆ ಮದ್ವೇಲಿ ನೀನು ನಂಗೆ, ಬಾಯಾಡ್ಸು ಸಾಕು, ದನಿ ಬುಡ್ಬೇಡ ಅಂದಿದ್ದೆ. ಗ್ಯಾಪ್ಕ ಅದಾ?" ಎಂದೆ. ಅವಳು ಏನೋ ಹೇಳುತ್ತಾಳೆ, ಮಗಾ ತಪ್ಪಾಯಿತು ಎನ್ನುತ್ತಾಳೆ, ನಾನು ಹೋಗಲಿ ಬಿಡು ಎನ್ನಬೇಕು ಎಂದೆಲ್ಲ ಸಿದ್ಧಳಾಗಿದ್ದೆ.

ದೊಡ್ಡವ್ವ ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಆ ಮದ್ವೇಲಿ ಸಾರು ಅಳ್ಸೋಗಿತ್ತು, ಅದು ಗ್ಯಾಪ್ಕ ಅದೆ. ನಿಂಗೇನಂದ್ನೋ ಕಾಣೆ" ಎಂದು ಪಿಸುಗುಟ್ಟಿದಳು. ದಿಂಬಿಗೆ ಸರಿಯಾಗಿ ಒರಗಿಕೊಂಡು ಮತ್ತೆ ಹೇಳಿದಳು, "ಅಂದಿದ್ರೂ ಅಂದಿರ್ಬೌದು ಕನಮ್ಮಿ. ಬೀಗ್ರು ಆಡ್ಕತಾರೆ ಅಂತ ಅಂದಿರ್ತೀನಿ. ಅದ್ನೇ ಇಟ್ಕಂಡು ಇಷ್ಟ್ ವರ್ಸ ಸುಮ್ನಿದ್ದಾ ನೀನು? ನನ್ ಮಾತ ಈ ಮನೇಲಿ ಇನ್ಯಾರಮ್ಮಿ ಕೇಳ್ದೋರು? ನಿಮ್ ದೊಡ್ಡಪ್ಪ ಕೇಳ್ದ್ರಾ, ನಾನ್ ಎತ್ತ ಮಕ್ಳು ಕೇಳುದ್ವಾ?"

ನನಗೆ ಕೋಪ ಬಂತು. ಬಂದದ್ದು ನಿಜ, ಮುಚ್ಚಿಡುವುದೇಕೆ? ಮೂವತ್ತೆಂಟು ವರ್ಷ ನಾನು ಹೊತ್ತದ್ದು ಅವಳಿಗೆ ನೆನಪೇ ಇಲ್ಲವೆಂದರೆ. ಆಮೇಲೆ ಅವಳ ಸುಕ್ಕುಗಟ್ಟಿದ ಕೈ ನನ್ನ ಮಂಡಿಯ ಮೇಲೆ ಬಿದ್ದಾಗ ಲೆಕ್ಕ ಬೇರೆಯಾಗಿ ಕಂಡಿತು. ಅವಳು ಆ ಮಾತನ್ನು ಒಂದೇ ಸಲ ಅಂದಿದ್ದಳು, ಎಲೆಯಡಿಕೆ ಉಗಿಯುವುದರೊಳಗೆ ಮರೆತಿದ್ದಳು. ಅಲ್ಲಿಂದೀಚೆಗೆ ದಿನಾ ಬೆಳಗೆದ್ದು ಅದನ್ನು ನನಗೆ ಅಂದವಳು ನಾನೇ. ಪಾಪದ ಮುದುಕಿಯನ್ನು ಸುಮ್ಮನೆ ಎದುರಿಗೆ ನಿಲ್ಲಿಸಿಕೊಂಡಿದ್ದೆ.

ದೊಡ್ಡವ್ವ ನನ್ನ ಸೆರಗು ಎಳೆದು ಹತ್ತಿರ ಬಗ್ಗಿಸಿಕೊಂಡಳು. "ನಾ ಸತ್ತೋದಾಗ ಆ ಮೈಕ್‌ಸೆಟ್ಟು ಗೀಕ್‌ಸೆಟ್ಟು ಆಕಿಸ್ಬೇಡ ಅಂತ ನಿಮ್ಮಣ್ಣಂಗೆ ಯೋಳು. ನೀನೇ ಪದ ಯೋಳ್ಬೇಕು. ಕಿವಿ ಮಂದ ಆಗೋಗವೆ ಕನಮ್ಮಿ. ನಿನ್ ಗಂಟ್ಲಾದ್ರೆ ನಂಗೂ ಕೇಳುತ್ತೆ."

"ಯೋಳ್ತೀನಿ ಬುಡು ದೊಡ್ಡವ್ವ. ಈಗ್ಲೇ ಎಲ್ಗೂ ಓಗ್ಬೇಡ ನೀನು" ಎಂದೆ, ಅವಳ ಮಂದ ಕಿವಿಗೆ ತಲುಪುವಷ್ಟು ಜೋರಾಗಿ.

ಊಟದ ಹೊತ್ತಿಗೆ ಬಂದು ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದ ಕೂಲಿ ಹೆಂಗಸರು, ಒಳಗೆ ಯಾರೋ ಗಂಡಸರು ಬಂದರೆಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತಾ ಬಾಗಿಲಿಗೆ ಬಂದು ಇಣುಕಿದರು.

"ನಾನೇ ಕಣ್ರವ್ವ" ಎಂದೆ.